‘ನಮ್ಮ ಗಿಳಿ ಬೇರೇನೂ ಮುಟ್ಟುವುದಿಲ್ಲ’

ಕಳೆದ ತಿಂಗಳು ಸಂಘದ ಕಾರ್ಯಕಾರಿ ಸಮಿತಿಯ ಸಭೆ ಮುಗಿದು ಚಹಾ ಮತ್ತು ಒಗ್ಗರಣೆ ಅವಲಕ್ಕಿ ಬಂದ ಹೊತ್ತಿಗೆ, ಮಾತು ಹೇಗೋ ಸಾಕುಹಕ್ಕಿಗಳ ಕಡೆಗೆ ಹೊರಳಿತು. ಹಿರಿಯ ಸದಸ್ಯರೊಬ್ಬರು ತಮ್ಮ ಮನೆಯ ಗಿಳಿ ಸೂರ್ಯಕಾಂತಿ ಬೀಜವನ್ನು ಬಿಟ್ಟರೆ ಗ್ಲೂಕೋಸ್ ಬಿಸ್ಕತ್ತು, ಬಿಸ್ಕತ್ತು ಬಿಟ್ಟರೆ ಬೀಜ, ಇವೆರಡನ್ನಲ್ಲದೆ ಮೂರನೆಯದನ್ನು ಮೂಸಿಯೂ ನೋಡುವುದಿಲ್ಲವೆಂದು ಸಾಕಷ್ಟು ಅಭಿಮಾನದಿಂದಲೇ ಹೇಳಿಕೊಂಡರು. “ಅದಕ್ಕೆ ಬಾಯಿರುಚಿ ಭಾರೀ ಮಾರಾಯ್ರೆ, ನಮ್ಮ ಮೊಮ್ಮಗನ ಹಾಗೆ” ಎಂದು ಅವರೆಂದಾಗ ಎಲ್ಲರೂ ನಕ್ಕರು. ನಾವು ನಗಲಿಲ್ಲ. ‘ಹಾಗಾದರೆ ಅದನ್ನು ನೀವು ನಿಧಾನವಾಗಿ ಕೊಲ್ಲುತ್ತಿದ್ದೀರಿ’ ಎಂಬ ಮಾತು ನಮ್ಮ ಬಾಯಿಂದ ಬಂದುಬಿಟ್ಟಿತು. ಚಹಾದ ಹೊತ್ತಿಗೆ ಆಡುವ ಮಾತಲ್ಲ ಅದು, ಒಪ್ಪುತ್ತೇವೆ. ಸಭೆಯಲ್ಲಿ ಸ್ವಲ್ಪ ಮುಜುಗರವಾಯಿತು. ಮನೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಕುಳಿತು ಯೋಚಿಸಿದೆವು: ಆಡಿದ ರೀತಿಗೆ ಕ್ಷಮೆ ಕೇಳಬಹುದು, ಆಡಿದ ಮಾತಿಗೆ ಕೇಳಲಾರೆವು. ಅದಕ್ಕೇ ಈ ಲೇಖನ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಪರರ ಪಂಜರಕ್ಕೆ ಕೈಹಾಕುವವರು ತಮ್ಮ ಪಂಜರವನ್ನು ಮುಚ್ಚಿಡಬಾರದು. 2011ರಲ್ಲಿ ನಮ್ಮ ಮನೆಗೆ ಒಂದು ಕಾಕಟೀಲ್ ಬಂತು. ಆಸ್ಟ್ರೇಲಿಯ ಮೂಲದ ಬೂದು ಮೈಯ, ಹಳದಿ ಜುಟ್ಟಿನ, ಕೆನ್ನೆಯ ಮೇಲೆ ಕುಂಕುಮದ ಬೊಟ್ಟಿಟ್ಟಂಥ ಸಣ್ಣ ಗಿಳಿ. ಅಂಗಡಿಯವನು ಒಂದು ಪೊಟ್ಟಣ ಬೀಜ ಕೊಟ್ಟು, “ಇದೊಂದೇ ಸಾಕು ಸಾಹೇಬ್, ಬೇರೇನೂ ಬೇಡ” ಎಂದ. ನಾವೂ ಬೇರೇನೂ ಕೊಡಲಿಲ್ಲ. ಆಗಾಗ ಕೊತ್ತಂಬರಿ ಇಟ್ಟರೆ ಅದು ಮುಖ ತಿರುಗಿಸಿತು. ಗಜ್ಜರಿ ಇಟ್ಟರೆ ಹೆದರಿ ಮೂಲೆ ಸೇರಿತು. ಎರಡು ದಿನ ಪ್ರಯತ್ನಿಸಿ, ‘ಅದಕ್ಕೆ ಇಷ್ಟವಿಲ್ಲ’ ಎಂದು ತೀರ್ಮಾನಿಸಿ ಕೈತೊಳೆದುಕೊಂಡೆವು. ಸಂಜೆಯ ಚಹಾದ ಜತೆಗಿನ ನಮ್ಮ ಬಿಸ್ಕತ್ತಿನಲ್ಲಿ ಅದಕ್ಕೆ ದಿನವೂ ಪಾಲು. ಮೈ ತುಂಬಿಕೊಂಡಿತು, ಬಂದವರೆಲ್ಲ ‘ಎಷ್ಟು ಗುಂಡಗಿದೆ’ ಎಂದು ಮೆಚ್ಚಿದರು. ಆಮೇಲೆ ಸೀನತೊಡಗಿತು. ಕೊಕ್ಕು ಉದ್ದವಾಗಿ ಬೆಳೆಯಿತು. ಅಡುಗೆಮನೆಯಿಂದ ಬಾಲ್ಕನಿಯವರೆಗೆ ಹಾರಿದರೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ‘ವಯಸ್ಸಾಯಿತು’ ಎಂದುಕೊಂಡೆವು. 2018ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು. ಚೆನ್ನಾಗಿ ಸಾಕಿದರೆ ಹದಿನೈದು ಇಪ್ಪತ್ತು ವರ್ಷ ಬಾಳುವ ಹಕ್ಕಿ ಏಳನೆಯ ವರ್ಷಕ್ಕೇ ಸತ್ತುಹೋಯಿತು. ಪಶುವೈದ್ಯರು ಕೊಯ್ದು ನೋಡಿ, ಕೆಂಪಗಿರಬೇಕಾದ ಪಿತ್ತಜನಕಾಂಗ ಹಳದಿಯಾಗಿ, ಕೊಬ್ಬಿನಿಂದ ಉಬ್ಬಿರುವುದನ್ನು ತೋರಿಸಿದರು. ಏನು ತಿನ್ನಿಸುತ್ತಿದ್ದಿರಿ ಎಂದು ಕೇಳಿದರು. ಹೇಳಿದೆವು. ಅವರು ಮತ್ತೇನೂ ಕೇಳಲಿಲ್ಲ.

ಈಗ ವಾದಕ್ಕೆ ಬರೋಣ. ಆ ದಿನ ಚಹಾದ ಮೇಜಿನ ಸುತ್ತ ನಮಗೆ ಬಂದ ಉತ್ತರಗಳಲ್ಲಿ ಮೊದಲನೆಯದು: “ತನಗೆ ಬೇಕಾದ್ದು ಏನೆಂದು ಪ್ರಾಣಿಗೆ ಗೊತ್ತಿರುತ್ತದೆ.” ಇದಕ್ಕಿಂತ ದೊಡ್ಡ ಸುಳ್ಳು ಪಂಜರದ ವಿಷಯದಲ್ಲಿ ಇನ್ನೊಂದಿಲ್ಲ. ಕಾಡಿನಲ್ಲಿ, ಹೊಲದಲ್ಲಿ, ಹಾರುವ ರೆಕ್ಕೆ ಇರುವಲ್ಲಿ ಅದು ನಿಜವಿರಬಹುದು. ಅಲ್ಲಿ ಎಣ್ಣೆಕಾಳು ಸಿಗುವುದು ವರುಷದಲ್ಲಿ ಕೆಲವೇ ದಿನ. ಸಿಕ್ಕಾಗ ತಿಂದು ಮೈಗೆ ಕಟ್ಟಿಕೊಳ್ಳಬೇಕೆಂಬುದು ಹುಟ್ಟುಗುಣ. ಮರುದಿನ ಹತ್ತಾರು ಮೈಲು ಹಾರಿ ಆ ಕೊಬ್ಬನ್ನು ಕರಗಿಸುವುದೂ ಅದೇ ಬಾಳಿನ ಭಾಗ. ಎರಡಡಿ ಪಂಜರದಲ್ಲಿ ಕೂಡಿಹಾಕಿ, ಬಟ್ಟಲು ತುಂಬ ಸೂರ್ಯಕಾಂತಿ ಬೀಜವನ್ನು 365 ದಿನವೂ ಎದುರಿಗಿಟ್ಟರೆ, ಆ ಹುಟ್ಟುಗುಣವೇ ಅದಕ್ಕೆ ಉರುಳಾಗುತ್ತದೆ. ಸೂರ್ಯಕಾಂತಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ಸುಣ್ಣದ ಅಂಶ ತೀರ ಕಡಿಮೆ, ರಂಜಕ ಅದರ ಹಲವು ಪಟ್ಟು. ‘ಎ’ ಜೀವಸತ್ವ ಇಲ್ಲವೇ ಇಲ್ಲ ಎನ್ನಬಹುದು. ಶೇಂಗಾದ್ದೂ ಇದೇ ಕಥೆ, ಮೇಲಿಂದ ನಮ್ಮ ಮುಂಬಯಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದರೆ ಅದರ ವಿಷ ಬೇರೆ.

‘ಎ’ ಜೀವಸತ್ವ ಇಲ್ಲದಿದ್ದರೆ ಏನಾಗುತ್ತದೆ? ಹಕ್ಕಿಯ ಬಾಯಿ, ಮೂಗು, ಗಂಟಲಿನ ಒಳಪೊರೆ ಗಟ್ಟಿಯಾಗಿ ಒಣಗುತ್ತದೆ. ಬಾಯೊಳಗೆ ಬಿಳಿಯ ಮಚ್ಚೆ ಮೂಡುತ್ತವೆ. ಮೂಗು ಕಟ್ಟುತ್ತದೆ, ಕಣ್ಣಿನ ಸುತ್ತ ಬಾವು ಬರುತ್ತದೆ, ಸೋಂಕು ಸುಲಭವಾಗಿ ಒಳನುಗ್ಗುತ್ತದೆ. ಗಿಳಿಗೆ ‘ಶೀತ’ವಾಗಿದೆಯೆಂದು ಪಂಜರಕ್ಕೆ ಶಾಲು ಹೊದಿಸುವ ಮನೆಗಳನ್ನು ಕಂಡಿದ್ದೇವೆ, ನಮ್ಮದೂ ಅಂಥ ಮನೆಯಾಗಿತ್ತು. ಸುಣ್ಣದ ಅಂಶ ಕಡಿಮೆಯಾದರೆ ಎಲುಬು ಟೊಳ್ಳು, ಮೊಟ್ಟೆ ಸಿಕ್ಕಿಬೀಳುವುದು. ಆಫ್ರಿಕದ ಬೂದು ಗಿಳಿಗಂತೂ ಅಪಸ್ಮಾರದಂತೆ ಮೈ ಸೆಳೆತ. ಇವೆಲ್ಲ ಪಕ್ಷಿವೈದ್ಯರು ದಶಕಗಳಿಂದ ಹೇಳುತ್ತ ಬಂದಿರುವ ಸಂಗತಿಗಳು, ನಮ್ಮ ಶೋಧನೆಯೇನಲ್ಲ.

ಬಿಸ್ಕತ್ತಿನ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ಕಾಕಟೀಲಿನ ತೂಕ 90 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಗ್ಲೂಕೋಸ್ ಬಿಸ್ಕತ್ತು 5 ಗ್ರಾಂ. ಅಂದರೆ ಮೈತೂಕದ ಹದಿನೆಂಟನೆಯ ಒಂದು ಪಾಲು. 60 ಕಿಲೋ ತೂಗುವ ನಮ್ಮಂಥವರು ಒಂದೇ ಸಂಜೆ ಮೂರು ಕಿಲೋ ಮುನ್ನೂರು ಗ್ರಾಂ ಬಿಸ್ಕತ್ತು ತಿಂದಂತಾಯಿತು. ‘ಒಂದೇ ಒಂದು ಬಿಸ್ಕತ್ತು, ಅದರಿಂದೇನಾಗುತ್ತೆ’ ಎನ್ನುವ ಮುನ್ನ ಈ ಭಾಗಾಕಾರವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಹಕ್ಕಿಯ ಹೆಸರಿನಲ್ಲಿ ಮಾಡಿಕೊಳ್ಳಬೇಕು. ಕೆಲವರ ಮನೆಯಲ್ಲಿ ಚಹಾ ಅದ್ದಿದ ಬಿಸ್ಕತ್ತು, ಫರಸಾಣದ ಬೂಂದಿ, ವಡಾಪಾವಿನ ಪಾವು. ಉಪ್ಪು, ಸಕ್ಕರೆ, ಕರಿದ ಎಣ್ಣೆ, ಚಹಾದ ಕೆಫೀನು ಎಲ್ಲವೂ ಒಂದೇ ತುತ್ತಿನಲ್ಲಿ!

ಎರಡನೆಯ ಉತ್ತರ ಅಜ್ಜಿಯದು. “ನಮ್ಮ ಅಜ್ಜಿ ಮನಿಯೊಳಗ ಇಪ್ಪತ್ತು ವರ್ಷ ಗಿಣಿ ಇತ್ತರಿ, ಅನ್ನಾ ಮೆಣಸಿನಕಾಯಿ ತಿಂದs ಬದುಕಿತ್ತು, ನಿಮ್ಮ ಜೀವಸತ್ವ ಯಾರಿಗೆ ಬೇಕಾಗಿತ್ತು?” ಎಂದು ನಮ್ಮ ಧಾರವಾಡದ ಮಿತ್ರರು ಸವಾಲು ಹಾಕಿದರು. ನಮ್ಮ ಅಜ್ಜಿಯ ಮನೆಯಲ್ಲೂ ಗಿಳಿ ಇತ್ತು. ಹೆಸರು ರಾಮ. ನಮ್ಮ ಬಾಲ್ಯವಿಡೀ ರಾಮ ಪಡಸಾಲೆಯ ತೊಲೆಗೆ ತೂಗಿದ್ದ ಪಂಜರದಲ್ಲಿದ್ದ. ವಿಚಾರ ಮಾಡುತ್ತ ಹೋಗಿ, ಊರಲ್ಲಿರುವ ನಮ್ಮ ಹಿರಿಯಕ್ಕನಿಗೆ ಫೋನು ಮಾಡಿ ಕೇಳಿದೆವು. ಅಕ್ಕ ಹೇಳಿದ್ದು: “ಯಾವ ರಾಮ? ಮೂರು ರಾಮ ಇದ್ವಲ್ಲೋ. ಒಂದು ಸತ್ತ ಕೂಡಲೆ ಅಪ್ಪ ಸಂತಿಯಿಂದ ಇನ್ನೊಂದು ತರ್ತಿದ್ದ, ನೀ ಸಣ್ಣವ, ನಿನಗ ತಿಳೀಲಿಲ್ಲ.” ಎಷ್ಟು ಅಜ್ಜಿಯರ ಇಪ್ಪತ್ತು ವರ್ಷದ ಗಿಳಿಗಳು ಇಂಥ ಮೂವರು ರಾಮರೋ ನಾವು ಬಲ್ಲೆವೇ?

ಆದರೂ ಅಜ್ಜಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅಜ್ಜಿ ಕೊಡುತ್ತಿದ್ದ ಮೆಣಸಿನಕಾಯಿ ಆ ಬಟ್ಟಲಿನ ಅತ್ಯುತ್ತಮ ಪದಾರ್ಥ. ಹಕ್ಕಿಗಳ ನರಕ್ಕೆ ಮೆಣಸಿನ ಖಾರ ತಾಕುವುದೇ ಇಲ್ಲ. ನಮಗೆ ಬಾಯಿ ಉರಿಸುವ ವಸ್ತು ಅವಕ್ಕೆ ಸಪ್ಪೆ. ಹಕ್ಕಿ ಹಣ್ಣು ತಿಂದು ಬೀಜವನ್ನು ದೂರ ಬೀರಲಿ, ಅಗಿದು ಅರೆಯುವ ಪ್ರಾಣಿಗಳು ದೂರವಿರಲಿ ಎಂಬುದು ಆ ಗಿಡದ ಉಪಾಯ. ಕೆಂಪು ಮೆಣಸಿನಕಾಯಿಯಲ್ಲಿ, ಗಿಳಿಗೆ ಬೇಕಾದ ‘ಎ’ ಜೀವಸತ್ವವಾಗಿ ಮಾರ್ಪಡುವ ಬಣ್ಣ ಧಾರಾಳವಾಗಿದೆ. ಇನ್ನೊಂದು ತಮಾಷೆಯೆಂದರೆ, ಗಿಳಿ ಮತ್ತು ಮೆಣಸಿನಕಾಯಿ ಅನಾದಿಕಾಲದ ಜೋಡಿಯೆಂದು ನಾವು ನಂಬಿದ್ದರೂ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ತುಗೀಸರ ಹಡಗಿನಲ್ಲಿ ಬಂದದ್ದು, 1500ರ ಈಚೆಗೆ. ಅದಕ್ಕೆ ಮೊದಲಿನ ಗಿಳಿಗಳು ಏನು ತಿನ್ನುತ್ತಿದ್ದವು? ಬಾಣಭಟ್ಟನ ‘ಕಾದಂಬರಿ’ಯನ್ನು ನಮ್ಮ ನಾಗವರ್ಮ ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ಬಾಣನ ಮೂಲದಲ್ಲಿ ಶೂದ್ರಕ ರಾಜ ವೈಶಂಪಾಯನನೆಂಬ ಗಿಳಿಯನ್ನು, ಅಂತಃಪುರದಲ್ಲಿ ಊಟವೇನಾದರೂ ರುಚಿಸಿತೇ ಎಂದು ವಿಚಾರಿಸುತ್ತಾನೆ. ಗಿಳಿ ನೇರಳೆಹಣ್ಣಿನ ರಸ, ದಾಳಿಂಬೆ, ನೆಲ್ಲಿಕಾಯಿಗಳ ಹೆಸರು ಹೇಳುತ್ತದೆ. ಏಳನೆಯ ಶತಮಾನದ ಕವಿಗೆ ಗಿಳಿಯ ಊಟದ ಬಗ್ಗೆ ಇದ್ದ ತಿಳಿವಳಿಕೆ ಇಪ್ಪತ್ತೊಂದನೆಯ ಶತಮಾನದ ಅಂಧೇರಿ, ಡೊಂಬಿವಲಿಗಳ ನಮಗಿಲ್ಲವೆಂದರೆ ಹೇಗೆ?

“ಹೊಲದ ಗಿಳಿ ಕಾಳು ತಿನ್ನುವುದಿಲ್ಲವೇ?” ಎಂದೂ ಕೇಳಿದರು. ತಿನ್ನುತ್ತದೆ. ಯಾವ ಕಾಳು, ಯಾವಾಗ ಎಂಬುದು ಪ್ರಶ್ನೆ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ನಡುವೆ ಅಟ್ಟಣಿಗೆ ಹಾಕಿ, ಕವಣೆ ಹಿಡಿದು, ‘ಹೋ’ ಎಂದು ಕೂಗಿ ಗಿಳಿ ಓಡಿಸಿದವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ನಾವು ಸೀತನಿ ತಿನ್ನುವ ಕಾಲವೇ ಗಿಳಿಗೂ ಹಬ್ಬ. ಹಸಿ, ಹಾಲು ತುಂಬಿದ ಕಾಳು. ಅದರ ಜತೆಗೆ ಎಳೆ ಚಿಗುರು, ಮೊಗ್ಗು, ಪೇರಲ, ಅತ್ತಿ, ಬೇವಿನ ಹಣ್ಣು. ಗೋದಾಮಿನಲ್ಲಿ ಎರಡು ವರ್ಷ ಒಣಗಿದ ಎಣ್ಣೆಬೀಜಕ್ಕೂ ಅದಕ್ಕೂ ಏನು ಸಂಬಂಧ?

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕವಾಗುತ್ತದೆ. ನಮ್ಮ ಹಲವು ಮನೆಗಳಲ್ಲಿ, ಕೊರಳಲ್ಲಿ ಗುಲಾಬಿ ಪಟ್ಟಿಯಿರುವ ನಮ್ಮ ದೇಶದ ಹಸಿರು ಗಿಳಿಯೇ ಪಂಜರದಲ್ಲಿದೆ. ‘ಮಿಟ್ಠು’ ಎಂದು ಅದಕ್ಕೆ ಹೆಸರು. ಇದು ಅಪರಾಧ. 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿಟ್ಟುಕೊಳ್ಳುವುದು ಎಲ್ಲವೂ ಶಿಕ್ಷಾರ್ಹ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾನೂನು ಇನ್ನಷ್ಟು ಬಿಗಿಯಾಗಿದೆ. ಅಂಥ ಗಿಳಿಗೆ ಯಾವ ಸೊಪ್ಪು ಒಳ್ಳೆಯದೆಂದು ನಮ್ಮನ್ನು ಕೇಳಬೇಡಿ. ಅದು ಇರಬೇಕಾದದ್ದು ಹೊರಗೆ. ಹಾಗೆಂದು ಈ ಲೇಖನ ಓದಿದ ಉತ್ಸಾಹದಲ್ಲಿ ಬಾಲ್ಕನಿಯಿಂದ ಹಾರಿಬಿಡಲೂ ಬೇಡಿ. ಹತ್ತು ವರ್ಷ ಪಂಜರದಲ್ಲಿದ್ದ ಹಕ್ಕಿಗೆ ಹಾರಲು ಬಲವಿರುವುದಿಲ್ಲ, ಕಾಗೆ ಬೆಕ್ಕುಗಳ ಭಯ ತಿಳಿದಿರುವುದಿಲ್ಲ. ಅರಣ್ಯ ಇಲಾಖೆಗೆ, ಇಲ್ಲವೆ ಇಲಾಖೆಯ ಮಾನ್ಯತೆಯಿರುವ ರಕ್ಷಣಾ ಕೇಂದ್ರಕ್ಕೆ ಒಪ್ಪಿಸುವುದೇ ದಾರಿ. ಆಫ್ರಿಕದ ಬೂದು ಗಿಳಿಯಂಥ ಪರದೇಶದ ಸಂರಕ್ಷಿತ ಹಕ್ಕಿಗಳನ್ನು ಇಟ್ಟುಕೊಂಡವರೂ 2024ರ ನಿಯಮಗಳಂತೆ ಸರಕಾರದ ‘ಪರಿವೇಶ್’ ತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ನಮ್ಮ ಮಾತೆಲ್ಲ ಪಂಜರದಲ್ಲೇ ಹುಟ್ಟಿ ಬೆಳೆದ ಕಾಕಟೀಲ್, ಬಜರಿಗಾರ್ (ನಮ್ಮವರು ತಪ್ಪಾಗಿ ‘ಲವ್ ಬರ್ಡ್ಸ್’ ಎಂದು ಕರೆಯುವವು), ನಿಜವಾದ ಲವ್ ಬರ್ಡ್, ಇಂಥವುಗಳ ಬಗ್ಗೆ. ಅವನ್ನಾದರೂ ಸಾಕಬೇಕೇ ಎಂಬ ಪ್ರಶ್ನೆ ನಮ್ಮನ್ನು ಇತ್ತೀಚೆಗೆ ಕಾಡುತ್ತದೆ. ಅದು ಬೇರೆ ಲೇಖನ. ಮನೆಯಲ್ಲಿ ಈಗಾಗಲೇ ಇರುವ ಹಕ್ಕಿಗೆ ಹೊಟ್ಟೆ ಇದೆಯಲ್ಲ.

ಮೂರನೆಯ ಉತ್ತರವೇ ನಿಜಕ್ಕೂ ಉತ್ತರ ಬೇಡುವಂಥದು: “ಎಲ್ಲಾ ಸರಿ, ಆದರೆ ಅದು ತಿನ್ನುವುದೇ ಇಲ್ಲವಲ್ಲ!” ಇದು ಸುಳ್ಳಲ್ಲ. ಗಿಳಿಯ ನಾಲಿಗೆಯಲ್ಲಿ ರುಚಿಮೊಗ್ಗುಗಳು ಕೆಲವು ನೂರು ಮಾತ್ರ, ನಮ್ಮಲ್ಲಿರುವಂತೆ ಸಾವಿರಗಟ್ಟಲೆ ಇಲ್ಲ. ಅದು ಆಹಾರವನ್ನು ಮೊದಲು ಗುರುತಿಸುವುದು ಕಣ್ಣಿನಿಂದ, ಆಮೇಲೆ ಕೊಕ್ಕಿನ ಸ್ಪರ್ಶದಿಂದ. ಮರಿಯಾಗಿದ್ದಾಗ ಬಟ್ಟಲಿನಲ್ಲಿ ಕಪ್ಪುಬಿಳುಪು ಪಟ್ಟೆಯ ಬೀಜ ಕಂಡಿದ್ದರೆ ಅದೇ ಅನ್ನ. ಕಿತ್ತಳೆ ಬಣ್ಣದ ಗಜ್ಜರಿ ಅದರ ದೃಷ್ಟಿಗೆ ಆಹಾರವೇ ಅಲ್ಲ, ಏನೋ ಅಪಾಯಕಾರಿ ವಸ್ತು. ನಮ್ಮ ತಟ್ಟೆಗೆ ಯಾರಾದರೂ ನೀಲಿ ಸೀಮೆಸುಣ್ಣ ಬಡಿಸಿದರೆ ನಾವು ‘ರುಚಿ ನೋಡೋಣ’ ಎನ್ನುತ್ತೇವೆಯೇ? ಇದನ್ನು ಹಟ, ಜಿದ್ದು, ಬಾಯಿರುಚಿ ಎಂದೆಲ್ಲ ಕರೆದು ಹಕ್ಕಿಯ ತಲೆಗೆ ಕಟ್ಟುವುದು ನಮಗೆ ಅನುಕೂಲ. ಎರಡು ದಿನ ಇಟ್ಟು ಮೂರನೆಯ ದಿನ ಬಿಟ್ಟವರು ನಾವು.

ಇದರ ಎದುರು ತುದಿಯ ಮೂರ್ಖತನವೂ ಇದೆ, ಅದನ್ನೂ ನಾವೇ ಮಾಡಿದ್ದೇವೆ. 2021ರಲ್ಲಿ ಊರು ಬಿಟ್ಟು ಹೋಗುತ್ತಿದ್ದ ಕುಟುಂಬವೊಂದು ತಮ್ಮ ಕಾಕಟೀಲನ್ನು ನಮಗೊಪ್ಪಿಸಿತು. ತೂಗಿದರೆ 112 ಗ್ರಾಂ. ಮತ್ತೆ ಅದೇ ಕಥೆ, ಸೂರ್ಯಕಾಂತಿ ಬೀಜ. ಹಿಂದಿನ ಹಕ್ಕಿಯ ಹಳದಿ ಪಿತ್ತಜನಕಾಂಗ ಕಣ್ಣಮುಂದಿತ್ತು. ಒಂದೇ ಏಟಿಗೆ ಬೀಜ ನಿಲ್ಲಿಸಿ ಸೊಪ್ಪು ತರಕಾರಿ ಇಟ್ಟೆವು. ಹಸಿದರೆ ತಾನಾಗಿಯೇ ತಿನ್ನುತ್ತದೆ ಎಂಬ ಧೈರ್ಯ. ಎರಡು ದಿನದಲ್ಲಿ ತೂಕ 103ಕ್ಕೆ ಇಳಿಯಿತು. ಗರಿ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕುಳಿತಿತು. ಹಿಕ್ಕೆ ಕಡಿಮೆಯಾಗಿ ಕಡು ಹಸಿರಾಯಿತು. ಅದು ಉಪವಾಸದ ಗುರುತು ಎಂದು ವೈದ್ಯರು ಫೋನಿನಲ್ಲಿ ಬೈದು ಹೇಳಿದ ಮೇಲೆ ತಿಳಿಯಿತು. ಹಸಿದರೆ ತಾನಾಗಿ ತಿನ್ನುವುದಿಲ್ಲ, ಸಾಯುತ್ತದೆ. ಮೂವತ್ತು ನಾಲ್ವತ್ತು ಗ್ರಾಂ ತೂಗುವ ಬಜರಿಗಾರಿಗೆ ಒಂದೆರಡು ದಿನದ ಉಪವಾಸವೇ ಸಾಕು. ಆದ್ದರಿಂದ ಅಡುಗೆಮನೆಯ ಗ್ರಾಂ ತಕ್ಕಡಿ ಇಲ್ಲದವರು, ದಿನ ಬೆಳಿಗ್ಗೆ ಊಟಕ್ಕೆ ಮುಂಚೆ ಹಕ್ಕಿಯನ್ನು ತೂಗಿ ಬರೆದಿಡುವ ತಾಳ್ಮೆ ಇಲ್ಲದವರು, ದಯವಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಮೊದಲು ಪಕ್ಷಿಗಳನ್ನು ಬಲ್ಲ ವೈದ್ಯರಿಗೆ ಒಮ್ಮೆ ತೋರಿಸಿ. ಆರಂಭದ ತೂಕದಲ್ಲಿ ನೂರಕ್ಕೆ ಹತ್ತರಷ್ಟು ಬೇಗನೆ ಇಳಿದರೆ ಪ್ರಯೋಗ ನಿಲ್ಲಿಸಿ ಹಳೆಯ ಊಟ ಕೊಡಬೇಕು.

ಮತ್ತೆ ಆರಂಭಿಸಿದೆವು, ಈ ಸಲ ಎತ್ತಿನ ಗಾಡಿಯ ವೇಗದಲ್ಲಿ. ದಿನವಿಡೀ ತುಂಬಿರುತ್ತಿದ್ದ ಬಟ್ಟಲನ್ನು ತೆಗೆದು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಅಳೆದ ಕಾಳು. ಈ ಬಟ್ಟಲಿನ ವಿಷಯದಲ್ಲಿ ಒಂದು ಎಚ್ಚರಿಕೆ: ಗಿಳಿ ಕಾಳನ್ನು ಸುಲಿದು ಸಿಪ್ಪೆಯನ್ನು ಅಲ್ಲೇ ಬೀಳಿಸುತ್ತದೆ. ಮೇಲಿನಿಂದ ನೋಡಿದರೆ ಬಟ್ಟಲು ತುಂಬಿದೆ, ಊದಿದರೆ ಬರೀ ಹೊಟ್ಟು. ‘ಜೀವಸತ್ವ ಲೇಪಿತ’ ಎಂದು ದುಬಾರಿ ಬೆಲೆಗೆ ಮಾರುವ ಬೀಜದ ಲೇಪವೂ ಈ ಸಿಪ್ಪೆಯ ಜತೆಗೇ ಕಸಕ್ಕೆ ಹೋಗುತ್ತದೆ. ನೀರಿಗೆ ಹನಿ ಹಾಕುವ ಔಷಧಿಯನ್ನು ನಾವು ನಂಬುವುದಿಲ್ಲ. ನೀರು ಬೇಗ ಕೆಡುತ್ತದೆ, ವಾಸನೆಗೆ ಹಕ್ಕಿ ಕುಡಿಯುವುದನ್ನೇ ಬಿಟ್ಟೀತು, ಎಷ್ಟು ಒಳಹೋಯಿತೆಂದು ಬಲ್ಲವರಾರು?

ವಾರಕ್ಕಿಷ್ಟೆಂದು ಸೂರ್ಯಕಾಂತಿ ಕಡಿಮೆ ಮಾಡಿ ಆ ಜಾಗಕ್ಕೆ ನವಣೆ, ಸಜ್ಜೆ ಸೇರಿಸಿದೆವು. ಇಲ್ಲಿನ ಅಂಗಡಿಗಳಲ್ಲಿ ‘ಕಾಂಗ್ನಿ’ ಎಂದು ಹಕ್ಕಿಗೆ ಮಾರುವುದು ನಮ್ಮ ನವಣೆಯೇ. ಎಣ್ಣೆ ಕಡಿಮೆ, ಆದರೆ ಅದೂ ಒಣಕಾಳೇ, ಅಲ್ಲಿಗೆ ನಿಲ್ಲುವಂತಿಲ್ಲ. ಆಮೇಲೆ ಮೊಳಕೆ. ಇದು ಸೇತುವೆಯಂತೆ ಕೆಲಸ ಮಾಡಿತು: ನೋಡಲು ಕಾಳು, ಒಳಗೆ ತರಕಾರಿ. ಹೆಸರುಕಾಳನ್ನೂ ನವಣೆಯನ್ನೂ ರಾತ್ರಿ ನೆನೆಹಾಕಿ, ಬಸಿದು, ಬಟ್ಟೆಯಲ್ಲಿ ಕಟ್ಟಿ, ಬಾಲ ಮೂಡಿದ ಕೂಡಲೆ ಚೆನ್ನಾಗಿ ತೊಳೆದು ಕೊಡುವುದು. ಎರಡು ಗಂಟೆಗಿಂತ ಹೆಚ್ಚು ಪಂಜರದಲ್ಲಿಡಬಾರದು. ಮುಂಬಯಿಯ ಸೆಕೆಗೆ ಹುಳಿತುಹೋಗುತ್ತದೆ. ಮೊಳಕೆಗೆ ಒಗ್ಗಿದ ಮೇಲೆ ಅದರಲ್ಲಿ ಸಣ್ಣಗೆ ತುರಿದ ಗಜ್ಜರಿ, ಬೇಯಿಸಿದ ಗೆಣಸು, ಸಿಹಿಗುಂಬಳ. ಕಾಳಿನ ಸುತ್ತ ಅಂಟಿಕೊಂಡಿದ್ದನ್ನು ಅರಿಯದೆ ನುಂಗಿತು.

ಸೊಪ್ಪು ಮಾತ್ರ ಎರಡು ತಿಂಗಳು ಮುಟ್ಟಲಿಲ್ಲ. ಬಟ್ಟಲಲ್ಲಿಟ್ಟೆವು, ಸರಳಿಗೆ ಸಿಕ್ಕಿಸಿದೆವು, ಹೆಚ್ಚಿ ಇಟ್ಟೆವು, ಇಡಿಯಾಗಿ ಇಟ್ಟೆವು. ಒಂದು ದಿನ ನಾವು ಊಟಕ್ಕೆ ಕುಳಿತಾಗ ಅದು ಹೆಗಲ ಮೇಲಿಂದ ಇಳಿದು ನೇರ ನಮ್ಮ ತಟ್ಟೆಯ ಕೋಸಂಬರಿಗೆ ಬಾಯಿ ಹಾಕಿತು. ಆಗ ಬುದ್ಧಿ ಬಂತು. ಗಿಳಿ ಗುಂಪಿನಲ್ಲಿ ಉಣ್ಣುವ ಹಕ್ಕಿ. ಗುಂಪು ತಿಂದದ್ದನ್ನು ತಾನೂ ತಿನ್ನುತ್ತದೆ. ಅದರ ಗುಂಪು ನಾವು. ಮರುದಿನದಿಂದ ಬೆಳಿಗ್ಗೆ ಅದರೆದುರು ಕುಳಿತು ನಾವೇ ಹಸಿ ಕೊತ್ತಂಬರಿ, ಗಜ್ಜರಿ ಜಗಿಯತೊಡಗಿದೆವು, ‘ಆಹಾ’ ಎಂದು ಸದ್ದು ಮಾಡುತ್ತ. ಎದುರು ಕಟ್ಟಡದವರು ಏನೆಂದುಕೊಂಡರೋ! ಹನ್ನೊಂದನೆಯ ದಿನ ಅದು ನಮ್ಮ ಬೆರಳಿನಿಂದ ಒಂದೆಲೆ ಕಿತ್ತುಕೊಂಡಿತು. ತಿನ್ನಲಿಲ್ಲ, ಹರಿದು ಚೆಲ್ಲಿತು. ಹದಿನಾಲ್ಕನೆಯ ದಿನ ತಿಂದಿತು.

ಒದ್ದೆ ನುಗ್ಗೆಸೊಪ್ಪಿನ ಕಟ್ಟನ್ನು ತಲೆಕೆಳಗಾಗಿ ತೂಗುಹಾಕಿದರೆ ಈಗ ಅದರೊಳಗೆ ನುಗ್ಗಿ ಸ್ನಾನವನ್ನೂ ಮಾಡುತ್ತದೆ, ಊಟವನ್ನೂ ಮಾಡುತ್ತದೆ. ನುಗ್ಗೆಸೊಪ್ಪಿಗಿಂತ ಒಳ್ಳೆಯದು ನಮಗೆ ಕಂಡಿಲ್ಲ. ‘ಎ’ ಜೀವಸತ್ವದ ಮೂಲವೂ ಸುಣ್ಣದ ಅಂಶವೂ ಒಂದೇ ಎಲೆಯಲ್ಲಿ, ಮಾರುಕಟ್ಟೆಯಲ್ಲಿ ಅಗ್ಗ. ಹರಿವೆ, ಮೆಂತ್ಯ ಸರದಿಯಲ್ಲಿ ಬರಲಿ. ಪಾಲಕ್ ಅಪರೂಪಕ್ಕೆ ಸಾಕು, ಅದರಲ್ಲಿನ ಆಕ್ಸಲೇಟು ಸುಣ್ಣವನ್ನು ಹಿಡಿದಿಡುತ್ತದೆ. ಸುಣ್ಣಕ್ಕೆಂದು ‘ಸಮುದ್ರನೊರೆ’ ಎನ್ನುವ ಬಿಳಿಯ ಬಿಲ್ಲೆಯನ್ನೂ ಸರಳಿಗೆ ಕಟ್ಟಿದ್ದೇವೆ. ಬೆಳಗಿನ ಎಳೆಬಿಸಿಲು ನೇರವಾಗಿ ಬೀಳಬೇಕು. ಗಾಜಿನ ಕಿಟಕಿಯ ಹಿಂದಿನ ಬಿಸಿಲಿನಿಂದ ‘ಡಿ’ ಜೀವಸತ್ವ ಹುಟ್ಟುವುದಿಲ್ಲ. ಹಣ್ಣು ಸ್ವಲ್ಪವೇ, ಸಕ್ಕರೆ ಅಲ್ಲವೇ ಅದು. ಪೆಲೆಟ್ ಎಂಬ ಸಿದ್ಧ ಆಹಾರವನ್ನು ವೈದ್ಯರು ಹೇಳಿದರೆ ಕೊಡಿ, ಕೈಗೆಟಕುವವರು ಕೊಡಲಿ. ನಾವು ಅದರ ವಿರೋಧಿಗಳಲ್ಲ. ಅದಕ್ಕೆ ಒಗ್ಗಿಸುವ ಕಷ್ಟವೂ ಇಷ್ಟೇ.

ಕೊಡಲೇಬಾರದ್ದು: ಕೊಡಗಿನಿಂದ ಬರುವ ಬೆಣ್ಣೆಹಣ್ಣು, ಚಾಕೊಲೇಟು, ಚಹಾ ಕಾಫಿ, ಈರುಳ್ಳಿ ಬೆಳ್ಳುಳ್ಳಿ, ಉಪ್ಪು ಹಾಕಿದ್ದು. ಬೆಣ್ಣೆಹಣ್ಣು ಹಕ್ಕಿಗೆ ವಿಷ, ಒಂದು ಚೂರೂ ಬೇಡ. ಒಂದೇ ಕೋಣೆಯ ಮನೆಯವರಿಗೆ ಇನ್ನೊಂದು ಮಾತು, ಆಹಾರಕ್ಕೆ ಸಂಬಂಧಿಸಿದ್ದಲ್ಲದಿದ್ದರೂ: ಅಂಟದ ಲೇಪದ ಕಾವಲಿಯನ್ನು ಒಲೆಯ ಮೇಲೆ ಮರೆತು ಕಾಯಿಸಿದರೆ ಅದರ ಹೊಗೆಗೆ ಗಿಳಿ ನಿಮಿಷಗಳಲ್ಲಿ ಸಾಯುತ್ತದೆ. ದೋಸೆಗೆ ಕಬ್ಬಿಣದ ಕಾವಲಿಯೇ ಮೇಲು, ದೋಸೆಗೂ ಅದೇ ಮೇಲು.

“ಮನುಷ್ಯರಿಗೇ ಅನ್ನವಿಲ್ಲದ ದೇಶದಲ್ಲಿ ಗಿಳಿಗೆ ಪಥ್ಯವೇ?” ಎಂದು ಸಮಿತಿಯ ತರುಣರೊಬ್ಬರು ಕೊನೆಗೆ ಕೇಳಿದರು. ಗಂಭೀರವಾದ ಪ್ರಶ್ನೆ, ಆದರೆ ತಪ್ಪು ವಿಳಾಸಕ್ಕೆ ಬಂದಿದೆ. ಗಿಳಿ ನಮ್ಮನ್ನು ಕರೆದು ‘ಸಾಕಿರಿ’ ಎನ್ನಲಿಲ್ಲ. ಹಣ ಕೊಟ್ಟು ತಂದು, ಬಾಗಿಲಿಗೆ ಕೊಂಡಿ ಹಾಕಿ, ಹುಡುಕಿ ತಿನ್ನುವ ಅದರ ಸ್ವಾತಂತ್ರ್ಯ ಕಸಿದವರು ನಾವು. ಮೇಲಾಗಿ ಖರ್ಚಿನ ಮಾತಾದರೆ, ನಮ್ಮ ಪಲ್ಯಕ್ಕೆ ತಂದ ಸೊಪ್ಪಿನಲ್ಲಿ ಎರಡು ಕಡ್ಡಿ, ಹುಳಿಗೆ ಹೆಚ್ಚಿದ ಕುಂಬಳದಲ್ಲಿ ಒಂದು ಹೋಳು, ಕೋಸಂಬರಿಯ ಹೆಸರಿನಲ್ಲಿ ಒಂದು ಚಮಚ, ಉಪ್ಪು ಹಾಕುವ ಮುಂಚೆ ತೆಗೆದಿಟ್ಟರೆ ಆಯಿತು. ಆಮದು ಬೀಜದ ಪೊಟ್ಟಣಕ್ಕಿಂತ ಇದು ದುಬಾರಿಯೇ? ಅಥವಾ ದುಬಾರಿಯಾದದ್ದು ದಿನ ಬೆಳಿಗ್ಗೆಯ ಹತ್ತು ನಿಮಿಷವೇ?

ನಮ್ಮ ಕಾಕಟೀಲು ಏಳು ತಿಂಗಳಲ್ಲಿ 94 ಗ್ರಾಮಿಗೆ ಬಂತು, ಈಗಲೂ ಅಲ್ಲಲ್ಲಿಯೇ ನಿಂತಿದೆ. ಸೂರ್ಯಕಾಂತಿ ಬೀಜ ಪೂರ್ತಿ ನಿಂತಿಲ್ಲ. ದಿನಕ್ಕೆ ಮೂರು, ಹೆಗಲಿಗೆ ಬಂದು ಕುಳಿತದ್ದಕ್ಕೆ ಬಹುಮಾನವಾಗಿ. ಬಾಲ್ಕನಿಯವರೆಗೆ ಹಾರಿ, ತಿರುಗಿ, ಮತ್ತೆ ಅಡುಗೆಮನೆಗೆ ಬಂದರೂ ಬಾಯಿ ತೆರೆಯುವುದಿಲ್ಲ. ಹಾಗಲಕಾಯಿಯನ್ನು ಮಾತ್ರ ಇಂದಿಗೂ ಮುಟ್ಟಿಲ್ಲ. ನಮ್ಮ ಮನೆಯಲ್ಲೂ ಅದಕ್ಕೆ ಬೆಂಬಲಿಗರು ಕಡಿಮೆಯಾದ್ದರಿಂದ ಒತ್ತಾಯಿಸಿಲ್ಲ.

ಅಂದು ಬಿಸ್ಕತ್ತಿನ ಮಾತಾಡಿದ ಹಿರಿಯರು ಮೊನ್ನೆ ಫೋನು ಮಾಡಿದ್ದರು. ಕೋಪವಿನ್ನೂ ಇಳಿದಿರಲಿಲ್ಲ. ತಮ್ಮ ಹಕ್ಕಿಗೆ ಏನೂ ಆಗಿಲ್ಲ, ಸ್ವಲ್ಪ ಸೀನುತ್ತದೆ ಅಷ್ಟೇ ಎಂದರು. ಬಾಯೊಳಗೆ ಬಿಳಿ ಮಚ್ಚೆ ಇದೆಯೇ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಹೇಗೆ ನೋಡುದು ಮಾರಾಯ್ರೆ?” ಎಂದರು. ವೈದ್ಯರು ನೋಡುತ್ತಾರೆ, ನಾವೂ ಜತೆಗೆ ಬರುತ್ತೇವೆ ಎಂದಿದ್ದೇವೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಹೋಗುವುದೆಂದು ಮಾತಾಗಿದೆ. ಬರುವಾಗ ಬಟ್ಟಲನ್ನೂ ಹಾಗೆಯೇ, ಊದದೆ, ತರಬೇಕೆಂದು ಹೇಳಿದ್ದೇವೆ.